ನಡುವೆ ತೂತು, ಸುತ್ತ ಸಾವಿರಾರು ಮನೆಗಳ ದುಡಿಮೆ: ಡೋನಟ್ ಗೆದ್ದಿದ್ದು ಹೇಗೆ, ಸಣ್ಣ ಅಂಗಡಿ ಉಳಿದಿದ್ದು ಹೇಗೆ?

ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಪಫ್ಸ್, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತಿನ ಪಕ್ಕದಲ್ಲಿ ಈಗ ಚಾಕೊಲೇಟ್ ಮೆತ್ತಿದ, ನಡುವೆ ತೂತಿರುವ ತಿಂಡಿಯೊಂದು ಕಾಣಿಸುತ್ತಿದೆ. ಮಕ್ಕಳು ಅದನ್ನೇ ತೋರಿಸಿ ಹಟ ಹಿಡೀತಾರೆ. ದೊಡ್ಡವರು "ಬನ್ನಿಗೆ ತೂತು ಮಾಡಿ ಡಬಲ್ ರೇಟು ಹಾಕಿದ್ದಾರೆ" ಅಂತ ಗೊಣಗುತ್ತಾರೆ. ಹೌದು, ಅದೇ ಡೋನಟ್.

ನೋಡೋಕೆ ಪೇಟೆಯ ಶೋಕಿ ತಿಂಡಿ ಅನ್ನಿಸಿದರೂ ಇದರ ಹಿನ್ನೆಲೆ ಶೋಕಿಯದ್ದಲ್ಲ. ಅಮೆರಿಕದಲ್ಲಿ ಇದು ಸೈನಿಕರ ತಿಂಡಿ, ಫ್ಯಾಕ್ಟರಿ ಕಾರ್ಮಿಕರ ತಿಂಡಿ, ರಾತ್ರಿ ಪಾಳಿಯವರ ತಿಂಡಿ. ಅದಕ್ಕಿಂತ ಹೆಚ್ಚಾಗಿ, ಉಟ್ಟ ಬಟ್ಟೆಯಲ್ಲಿ ದೇಶ ಬಿಟ್ಟು ಬಂದ ಸಾವಿರಾರು ಕುಟುಂಬಗಳು ಅಂಗಡಿ ಹಾಕಿ ಬದುಕು ಕಟ್ಟಿಕೊಂಡ ತಿಂಡಿ. ದೊಡ್ಡ ಕಂಪನಿಗಳ ಎದುರು ಸಣ್ಣ ಅಂಗಡಿ ಹೇಗೆ ನಿಲ್ಲುತ್ತೆ ಅನ್ನೋ ಪ್ರಶ್ನೆ ಇವತ್ತು ಪ್ರತಿ ತಾಲೂಕಿನ ವ್ಯಾಪಾರಿಯದ್ದೂ ಹೌದು. ಅದಕ್ಕೆ ಈ ತಿಂಡಿಯ ಕಥೆಯಲ್ಲಿ ಒಂದಿಷ್ಟು ಉತ್ತರ ಸಿಗುತ್ತದೆ.

ಮೊದಲು ತೂತೇ ಇರಲಿಲ್ಲ

ಹಿಟ್ಟನ್ನು ಉಂಡೆ ಕಟ್ಟಿ ಎಣ್ಣೆಯಲ್ಲಿ ಕರಿಯೋದು ಯಾವ ಒಂದು ದೇಶದ ಸ್ವತ್ತೂ ಅಲ್ಲ. ಆದರೆ ಅಮೆರಿಕದ ಡೋನಟ್‌ಗೆ ಮೂಲ ಅಂತ ಸಾಮಾನ್ಯವಾಗಿ ಹೇಳೋದು ಡಚ್ಚರ 'ಒಲಿಕುಕ್' ಎಂಬ ತಿಂಡಿಯನ್ನು. ಆ ಪದದ ಅರ್ಥವೇ 'ಎಣ್ಣೆ ಕೇಕ್'. ಇವತ್ತಿನ ನ್ಯೂಯಾರ್ಕ್ ಆಗ ಡಚ್ಚರ ವಸಾಹತು, ಹೆಸರು ನ್ಯೂ ಆಮ್‌ಸ್ಟರ್‌ಡಾಮ್. ಅಲ್ಲಿಗೆ ಬಂದು ನೆಲೆಸಿದವರು ಸಿಹಿ ಹಿಟ್ಟಿನ ಉಂಡೆಗಳನ್ನು ಹಂದಿ ಕೊಬ್ಬಿನಲ್ಲಿ ಕರಿದು ತಿನ್ನುತ್ತಿದ್ದರು. 1809ರಲ್ಲಿ ವಾಷಿಂಗ್ಟನ್ ಇರ್ವಿಂಗ್ ಬರೆದ ನ್ಯೂಯಾರ್ಕ್ ಇತಿಹಾಸದ ಹಾಸ್ಯ ಪುಸ್ತಕದಲ್ಲೇ 'ಡೋನಟ್' ಹೆಸರು ಬರುತ್ತದೆ.

ಹಾಗಾದರೆ ತೂತು ಬಂದಿದ್ದು ಯಾವಾಗ? ಹ್ಯಾನ್ಸನ್ ಗ್ರೆಗರಿ ಎಂಬ ಹಡಗಿನ ನಾವಿಕ 1847ರಲ್ಲಿ ತಾನೇ ಮೊದಲು ತೂತು ಮಾಡಿದ್ದು ಅಂತ ಹೇಳಿಕೊಂಡಿದ್ದಾನೆ. ಹಡಗಿನಲ್ಲಿ ಕೊಡುತ್ತಿದ್ದ ತಿಂಡಿಯ ಅಂಚು ಬೆಂದಿರುತ್ತಿತ್ತು, ನಡುವೆ ಹಸಿ ಹಿಟ್ಟು ಉಳಿಯುತ್ತಿತ್ತು. ಮೆಣಸಿನಪುಡಿಯ ತಗಡಿನ ಡಬ್ಬಿಯಿಂದ ನಡುಭಾಗವನ್ನೇ ಕತ್ತರಿಸಿ ಬಿಸಾಕಿದೆ ಅನ್ನೋದು ಅವನ ಮಾತು. ಅದೆಷ್ಟು ನಿಜವೋ, ಅವನ ಊರಾದ ಮೇನ್ ರಾಜ್ಯದ ರಾಕ್‌ಪೋರ್ಟ್‌ನಲ್ಲಿ ಇದರ ನೆನಪಿಗೆ ಫಲಕವಂತೂ ಇದೆ.

ತೂತಿನ ಹಿಂದಿನ ಲೆಕ್ಕ ಸರಳ. ಎಣ್ಣೆಯ ಬಿಸಿ ಹೊರಗಿನಿಂದ ಒಳಕ್ಕೆ ಹೋಗಬೇಕು. ದಪ್ಪ ಉಂಡೆಯಾದರೆ ಹೊರಗೆ ಕಂದು ಬಣ್ಣ ಬಂದು ಸೀಯುವ ಹೊತ್ತಿಗೂ ಒಳಗೆ ಹಸಿ. ನಡುವೆ ತೂತು ಇದ್ದರೆ ಎಣ್ಣೆ ಎರಡೂ ಕಡೆಯಿಂದ ತಾಗುತ್ತದೆ, ಒಂದೇ ಸಮ ಬೇಯುತ್ತದೆ. ಉದ್ದಿನವಡೆ ತಟ್ಟುವಾಗ ಹೆಬ್ಬೆರಳಲ್ಲಿ ನಡುವೆ ಒತ್ತುವ ಅಜ್ಜಿಗೂ ಗೊತ್ತಿದ್ದದ್ದು ಇದೇ. ಆ ವಿದ್ಯೆಗೆ ಯಾವ ನಾವಿಕನೂ ಬೇಕಾಗಿರಲಿಲ್ಲ.

ಎಲ್ಲಾ ಕಡೆ ತೂತು ಇರುತ್ತೆ ಅಂತಲೂ ಇಲ್ಲ. ಜರ್ಮನಿಯ 'ಬರ್ಲಿನರ್' ತೂತಿಲ್ಲದ್ದು, ಒಳಗೆ ಜಾಮ್ ತುಂಬುತ್ತಾರೆ. ಪೋಲೆಂಡಿನಲ್ಲಿ ಈಸ್ಟರ್ ಮುಂಚಿನ ಉಪವಾಸದ ದಿನಗಳು ಶುರುವಾಗುವ ಮೊದಲು ಬರುವ ಒಂದು ಗುರುವಾರ ಇಂಥದ್ದೇ 'ಪೊಂಚ್ಕಿ' ತಿನ್ನೋದು ಪದ್ಧತಿ. ಯಹೂದಿಗಳ ಹನೂಕಾ ಹಬ್ಬಕ್ಕೂ ಎಣ್ಣೆಯಲ್ಲಿ ಕರಿದ, ಜಾಮ್ ತುಂಬಿದ ಉಂಡೆಯೇ ವಿಶೇಷ. ಕತ್ತರಿಸಿ ತೆಗೆದ ನಡುವಿನ ತುಂಡನ್ನೂ ಬಿಡದೆ ಮಾರಿದವರಿದ್ದಾರೆ. ಕೆನಡಾದ ಟಿಮ್ ಹಾರ್ಟನ್ಸ್ 1976ರಲ್ಲಿ 'ಟಿಂಬಿಟ್ಸ್' ಅಂತ ಹೆಸರಿಟ್ಟು ಪುಟ್ಟ ಉಂಡೆಗಳನ್ನು ಮಾರೋಕೆ ಶುರು ಮಾಡಿತು. ಇವತ್ತಿಗೂ ಅದು ಅಲ್ಲಿನ ಮನೆಮಾತು.

ಯುದ್ಧದ ಮುಂಚೂಣಿಯಲ್ಲಿ ಏಳೇಳು ಡೋನಟ್

ಡೋನಟ್ ಇಡೀ ಅಮೆರಿಕದ ತಿಂಡಿಯಾಗಿದ್ದು ಮೊದಲ ಮಹಾಯುದ್ಧದಿಂದ. 1917ರಲ್ಲಿ ಸಾಲ್ವೇಶನ್ ಆರ್ಮಿ ಎಂಬ ಸೇವಾ ಸಂಸ್ಥೆ ಫ್ರಾನ್ಸಿನ ಯುದ್ಧಭೂಮಿಗೆ ಮಹಿಳಾ ಸ್ವಯಂಸೇವಕರನ್ನು ಕಳಿಸಿತು. ಮಳೆ, ಕೆಸರು, ಮನೆ ನೆನಪಿನಲ್ಲಿ ಕುಗ್ಗಿದ್ದ ಸೈನಿಕರಿಗೆ ಮನೆ ರುಚಿಯ ಏನಾದರೂ ಕೊಡಬೇಕು ಅಂತ ಹೆಲೆನ್ ಪರ್ವಿಯನ್ಸ್, ಮಾರ್ಗರೆಟ್ ಶೆಲ್ಡನ್ ಎಂಬಿಬ್ಬರು ಯೋಚಿಸಿದರು. ಕೇಕ್ ಸುಡೋಕೆ ಒಲೆ ಇಲ್ಲ. ಇದ್ದಿದ್ದು ಹಿಟ್ಟು, ಸಕ್ಕರೆ, ಕೊಬ್ಬು. ಲಟ್ಟಣಿಗೆ ಬದಲು ಖಾಲಿ ವೈನ್ ಬಾಟಲಿ. ಸಣ್ಣ ಬಾಣಲೆಯಲ್ಲಿ ಏಳೇಳು ಹಾಕಿ ಕರಿದು ಮೊದಲ ದಿನ 150 ಡೋನಟ್ ಹಂಚಿದರು.

ಯುದ್ಧ ಮುಗಿಸಿ ಊರಿಗೆ ಬಂದ ಸೈನಿಕರು ಅದೇ ರುಚಿ ಕೇಳಿದರು. 1938ರಲ್ಲಿ ಶಿಕಾಗೊದಲ್ಲಿ ಆ ಮಹಿಳೆಯರ ಗೌರವಾರ್ಥ 'ಡೋನಟ್ ದಿನ' ಆಚರಣೆ ಶುರುವಾಯಿತು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಬಡವರಿಗೆ ಹಣ ಕೂಡಿಸೋದು ಅದರ ಉದ್ದೇಶವಾಗಿತ್ತು. ಈಗಲೂ ಪ್ರತಿ ಜೂನ್ ತಿಂಗಳ ಮೊದಲ ಶುಕ್ರವಾರ ಅಲ್ಲಿ ಡೋನಟ್ ದಿನ. ಎಷ್ಟೋ ಅಂಗಡಿಗಳು ಅವತ್ತು ಒಂದು ಡೋನಟ್ ಪುಕ್ಕಟೆ ಕೊಡುತ್ತವೆ.

ಯಂತ್ರ, ಗೋಡೆಯ ಕಿಂಡಿ, ಶೇ. 40ರ ಲೆಕ್ಕ

ಬೇಡಿಕೆ ಏರಿದ ಮೇಲೆ ಕೈಯಲ್ಲಿ ಕರಿದು ಪೂರೈಸೋಕೆ ಆಗಲಿಲ್ಲ. ರಷ್ಯಾದಿಂದ ವಲಸೆ ಬಂದಿದ್ದ ಅಡಾಲ್ಫ್ ಲೆವಿಟ್ 1920ರಲ್ಲಿ ನ್ಯೂಯಾರ್ಕಿನಲ್ಲಿ ಡೋನಟ್ ಯಂತ್ರ ತಯಾರಿಸಿದರು. ಹಿಟ್ಟಿನ ಬಳೆ ಎಣ್ಣೆಗೆ ಬೀಳೋದು, ತಾನಾಗಿ ಮಗುಚೋದು, ಮೇಲೆದ್ದು ಬರೋದು ಗಿರಾಕಿಗಳ ಕಣ್ಣೆದುರೇ ನಡೆಯುತ್ತಿತ್ತು. ಜನ ತಿನ್ನೋಕಿಂತ ಹೆಚ್ಚಾಗಿ ನೋಡೋಕೇ ನಿಲ್ಲುತ್ತಿದ್ದರು. 1934ರ ಶಿಕಾಗೊ ವಿಶ್ವಮೇಳದಲ್ಲಿ ಡೋನಟ್‌ಗೆ ಭಾರೀ ಪ್ರಚಾರ ಸಿಕ್ಕಿತು. ಅದೇ ವರ್ಷ ಬಂದ 'ಇಟ್ ಹ್ಯಾಪನ್ಡ್ ಒನ್ ನೈಟ್' ಸಿನಿಮಾದಲ್ಲಿ ನಾಯಕ ಕ್ಲಾರ್ಕ್ ಗೇಬಲ್ ಶ್ರೀಮಂತರ ಮನೆಯ ನಾಯಕಿಗೆ ಡೋನಟ್ಟನ್ನು ಕಾಫಿಯಲ್ಲಿ ಅದ್ದಿ ತಿನ್ನೋದು ಹೇಗೆ ಅಂತ ಹೇಳಿಕೊಡುವ ದೃಶ್ಯವಿದೆ. ರಸ್ಕನ್ನು ಚಹಾದಲ್ಲಿ ಅದ್ದೋಕೆ ಯಾರೂ ಹೇಳಿಕೊಡಬೇಕಾಗಿಲ್ಲದ ನಮ್ಮ ಜನಕ್ಕೆ ಇದು ತಮಾಷೆ ಅನ್ನಿಸಬಹುದು!

ಈಗಿನ ಎರಡು ದೊಡ್ಡ ಹೆಸರುಗಳು ಹುಟ್ಟಿದ್ದೂ ಸಣ್ಣ ವ್ಯಾಪಾರದಿಂದಲೇ. 1937ರಲ್ಲಿ ವರ್ನನ್ ರುಡಾಲ್ಫ್ ಎಂಬ ಯುವಕ ನಾರ್ತ್ ಕ್ಯಾರೊಲಿನಾ ರಾಜ್ಯದ ವಿನ್‌ಸ್ಟನ್-ಸೇಲಂನಲ್ಲಿ ಕ್ರಿಸ್ಪಿ ಕ್ರೀಮ್ ಶುರು ಮಾಡಿದರು. ಅವರು ಮಾಡುತ್ತಿದ್ದುದು ಕಿರಾಣಿ ಅಂಗಡಿಗಳಿಗೆ ಹೋಲ್‌ಸೇಲ್ ಪೂರೈಕೆ ಮಾತ್ರ. ಆದರೆ ಬೀದಿಯಲ್ಲಿ ಹೋಗುವವರು ವಾಸನೆ ಹಿಡಿದು ಬಂದು "ಬಿಸಿ ಇದ್ದರೆ ಕೊಡಿ" ಅಂತ ಕೇಳತೊಡಗಿದರು. ರುಡಾಲ್ಫ್ ಗೋಡೆ ಒಡೆಸಿ ಕಿಂಡಿ ಮಾಡಿಸಿ ಅಲ್ಲಿಂದಲೇ ಬಿಸಿಬಿಸಿ ಮಾರಿದರು. ಬಿಸಿ ಡೋನಟ್ ಸಿದ್ಧವಿದ್ದಾಗ ಅಂಗಡಿ ಮುಂದೆ ಕೆಂಪು ದೀಪ ಹಚ್ಚುವ ಅಭ್ಯಾಸಕ್ಕೆ ಇವತ್ತಿಗೂ ಆ ಕಂಪನಿ ಹೆಸರುವಾಸಿ.

ಇನ್ನೊಬ್ಬರು ವಿಲಿಯಂ ರೋಸೆನ್‌ಬರ್ಗ್. ಬಾಸ್ಟನ್ ಸುತ್ತಮುತ್ತ ಫ್ಯಾಕ್ಟರಿಗಳ ಬಾಗಿಲಿಗೆ ಗಾಡಿಯಲ್ಲಿ ಊಟ ತಿಂಡಿ ಒಯ್ದು ಮಾರುತ್ತಿದ್ದವರು. ಲೆಕ್ಕ ತೆಗೆದು ನೋಡಿದಾಗ ವ್ಯಾಪಾರದ ಸುಮಾರು ಶೇ. 40 ಭಾಗ ಬರೀ ಕಾಫಿ, ಡೋನಟ್‌ನಿಂದಲೇ ಬರುತ್ತಿತ್ತು. ಹಾಗಿದ್ದರೆ ಉಳಿದದ್ದೆಲ್ಲ ಯಾಕೆ ಹೊರಬೇಕು ಅಂತ 1948ರಲ್ಲಿ ಕ್ವಿನ್ಸಿ ಪಟ್ಟಣದಲ್ಲಿ ಆ ಎರಡಕ್ಕೇ ಒಂದು ಅಂಗಡಿ ತೆರೆದರು. 1950ರಲ್ಲಿ ಅದಕ್ಕೆ 'ಡಂಕಿನ್ ಡೋನಟ್ಸ್' ಅಂತ ಹೆಸರಾಯಿತು. 2019ರಿಂದ ಆ ಕಂಪನಿ ಹೆಸರಿನಿಂದ 'ಡೋನಟ್ಸ್' ಪದವನ್ನೇ ಕೈಬಿಟ್ಟು ಬರೀ 'ಡಂಕಿನ್' ಆಗಿದೆ. ಅಷ್ಟರಮಟ್ಟಿಗೆ ಕಾಫಿ ವ್ಯಾಪಾರ ಮುಂದಾಗಿದೆ.

ಪೊಲೀಸರಿಗೂ ಡೋನಟ್‌ಗೂ ಗಂಟು ಹಾಕಿ ನಗೆಚಟಾಕಿ ಹೊಡೆಯೋದು ಹಾಲಿವುಡ್ ಸಿನಿಮಾಗಳಲ್ಲಿ ಮಾಮೂಲಿ. ಅದಕ್ಕೂ ಕಾರಣವಿದೆ. ಬೆಳಗಿನ ವ್ಯಾಪಾರಕ್ಕೆ ಡೋನಟ್ ಅಂಗಡಿಯವರು ನಡುರಾತ್ರಿಯೇ ಕೆಲಸ ಶುರು ಮಾಡಬೇಕು. ಗಸ್ತಿನ ಪೊಲೀಸರಿಗೆ ಆ ಹೊತ್ತಲ್ಲಿ ಬಿಸಿ ಕಾಫಿ, ಕೂರೋಕೆ ಜಾಗ ಸಿಗುತ್ತಿದ್ದ ತಾಣ ಅದೊಂದೇ. ಒಂಟಿಯಾಗಿ ಅಂಗಡಿ ನೋಡಿಕೊಳ್ಳುವವರಿಗೂ ಪೊಲೀಸರು ಬಂದು ಹೋಗ್ತಿದ್ದರೆ ಧೈರ್ಯ. ಇಬ್ಬರಿಗೂ ಅನುಕೂಲ. ಟಿವಿ ಕಾರ್ಟೂನಿನ ಹೋಮರ್ ಸಿಂಪ್ಸನ್ ಕೈಯಲ್ಲಿರುವ ಗುಲಾಬಿ ಡೋನಟ್, 2010ರ 'ಐರನ್ ಮ್ಯಾನ್ 2'ರಲ್ಲಿ ನಾಯಕ ಕೂರುವ ಅಂಗಡಿ ಮಾಳಿಗೆಯ ದೈತ್ಯ ಡೋನಟ್ ಯುವಕರಿಗೆಲ್ಲ ಗೊತ್ತು. ಆ ಮಾಳಿಗೆ ಲಾಸ್ ಏಂಜಲಿಸ್ ಬಳಿಯ ರ‍್ಯಾಂಡೀಸ್ ಡೋನಟ್ಸ್ ಅಂಗಡಿಯದ್ದು.

ವಾಸನೆ ಹಿಡಿದು ಹೋದ ನಿರಾಶ್ರಿತ

ಕಥೆಯ ಮುಖ್ಯ ಭಾಗ ಇರೋದು ಇಲ್ಲಿ. 1975ರ ಏಪ್ರಿಲ್‌ನಲ್ಲಿ ಕಾಂಬೋಡಿಯಾ ಖ್ಮೇರ್ ರೂಜ್ ಎಂಬ ಕ್ರೂರ ಪಡೆಯ ಕೈಗೆ ಬಿತ್ತು. ಮುಂದಿನ ನಾಲ್ಕು ವರ್ಷ ಅಲ್ಲಿ ನಡೆದದ್ದು ಲಕ್ಷಾಂತರ ಜನರ ಮಾರಣಹೋಮ. ಆ ದೇಶದ ಸೇನಾಧಿಕಾರಿಯಾಗಿದ್ದ ಟೆಡ್ ನೋಯ್ ಹೆಂಡತಿ ಮಕ್ಕಳೊಂದಿಗೆ ಅದೇ ವರ್ಷ ಕ್ಯಾಲಿಫೋರ್ನಿಯಾದ ನಿರಾಶ್ರಿತರ ಶಿಬಿರಕ್ಕೆ ಬಂದಿಳಿದರು. ಹಗಲು ಚರ್ಚಿನಲ್ಲಿ ಕಸ ಗುಡಿಸುವ ಕೆಲಸ, ರಾತ್ರಿ ಪೆಟ್ರೋಲ್ ಬಂಕ್‌ನಲ್ಲಿ ಕೆಲಸ.

ಬಂಕ್ ಹತ್ತಿರದ ಅಂಗಡಿಯಿಂದ ಕರಿದ ಸಿಹಿಯ ವಾಸನೆ ಬರುತ್ತಿತ್ತು. ಹೋಗಿ ತಿಂದು ನೋಡಿದರೆ ತಮ್ಮೂರಿನ 'ನೊಮ್ ಕಾಂಗ್' ನೆನಪಾಯಿತು. ಅದು ಅಕ್ಕಿಹಿಟ್ಟಿನಿಂದ ಮಾಡುವ, ಬಳೆಯಾಕಾರದ ಕರಿದ ತಿಂಡಿ. ಆಮೇಲೆ ಅವರು ವಿಂಚೆಲ್ಸ್ ಎಂಬ ಡೋನಟ್ ಕಂಪನಿಯಲ್ಲಿ ತರಬೇತಿಗೆ ಸೇರಿ ಕೆಲಸ ಕಲಿತರು. ದುಡ್ಡು ಕೂಡಿಟ್ಟು ಲಾ ಹಾಬ್ರಾ ಪಟ್ಟಣದಲ್ಲಿ 'ಕ್ರಿಸ್ಟೀಸ್' ಎಂಬ ಅಂಗಡಿಯನ್ನು ಕೊಂಡರು. ಇಡೀ ಮನೆಯವರು ಅಲ್ಲೇ ದುಡಿದರು.

ಅವರು ಅಲ್ಲಿಗೇ ನಿಲ್ಲಲಿಲ್ಲ. ಹೊಸ ಅಂಗಡಿ ಕೊಂಡು, ಕಾಂಬೋಡಿಯಾದಿಂದ ಬಂದ ಕುಟುಂಬಗಳಿಗೆ ಕೆಲಸ ಕಲಿಸಿ, ಲೀಸ್‌ಗೆ ಬಿಟ್ಟುಕೊಟ್ಟರು. ನಿರಾಶ್ರಿತರು ಅಮೆರಿಕಕ್ಕೆ ಬರೋಕೆ ಬೇಕಿದ್ದ ಜವಾಬ್ದಾರಿ ಪತ್ರಕ್ಕೂ ಸಹಿ ಹಾಕಿದರು. ಹೀಗೆ ಒಬ್ಬರಿಂದ ಒಬ್ಬರಿಗೆ ಕಸುಬು ಹರಡಿತು. ಇಂಗ್ಲಿಷ್ ಬಾರದಿದ್ದರೂ ಬೆರಳು ತೋರಿಸಿದ ತಿಂಡಿ ಎತ್ತಿಕೊಟ್ಟರೆ ವ್ಯಾಪಾರ ಆಗುತ್ತಿತ್ತು. ಮುಂದೆ ದಕ್ಷಿಣ ಕ್ಯಾಲಿಫೋರ್ನಿಯಾದ ಸಣ್ಣ ಡೋನಟ್ ಅಂಗಡಿಗಳಲ್ಲಿ ಬಹುಪಾಲು ಕಾಂಬೋಡಿಯಾ ಮೂಲದವರ ಕೈಗೆ ಬಂದವು. ಜನ ನೋಯ್ ಅವರನ್ನು 'ಡೋನಟ್ ಕಿಂಗ್' ಅಂತಲೇ ಕರೆದರು. ಕೊನೆಗೆ ಜೂಜಿನ ಚಟಕ್ಕೆ ಬಿದ್ದು ಅವರು ಗಳಿಸಿದ್ದನ್ನೆಲ್ಲ ಕಳೆದುಕೊಂಡರು. 2020ರಲ್ಲಿ ಬಂದ 'ದ ಡೋನಟ್ ಕಿಂಗ್' ಸಾಕ್ಷ್ಯಚಿತ್ರ ಅವರ ಏರಿಕೆ, ಇಳಿಕೆ ಎರಡನ್ನೂ ಹೇಳುತ್ತದೆ. ರಾಜನ ಅರಮನೆ ಹೋಯಿತು. ಆದರೆ ಅವರು ಕಲಿಸಿದ ಕಸುಬು ಸಾವಿರಾರು ಮನೆಗಳಲ್ಲಿ ಉಳಿಯಿತು.

ಸಣ್ಣ ಅಂಗಡಿ ಉಳಿದಿದ್ದು ಹೇಗೆ?

ಡಂಕಿನ್‌ನಂಥ ದೈತ್ಯ ಕಂಪನಿಯೇ ಒಮ್ಮೆ ಕ್ಯಾಲಿಫೋರ್ನಿಯಾದಲ್ಲಿ ನೆಲೆಯೂರಲಾಗದೆ ಹಿಂದೆ ಸರಿದಿತ್ತು. ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ ಅದು ವಾಪಸ್ ಬಂದಿದ್ದು 2014ರಲ್ಲಿ. ಅಷ್ಟು ಗಟ್ಟಿಯಾಗಿ ನಿಂತಿದ್ದ ಈ ಕುಟುಂಬದ ಅಂಗಡಿಗಳ ಬಲ ಏನು ಅಂತ ನೋಡಿದರೆ ಕೆಲವು ಅಂಶ ಎದ್ದು ಕಾಣುತ್ತವೆ.

ಮೊದಲನೆಯದು ಬಂಡವಾಳ. ಬ್ಯಾಂಕ್ ಸಾಲ ಸಿಗದ ಈ ಜನ ತಮ್ಮ ತಮ್ಮಲ್ಲೇ 'ಟೊಂಟಿನ್' ಅಂತ ಕೂಟ ಮಾಡಿಕೊಂಡರು. ತಿಂಗಳು ತಿಂಗಳು ಎಲ್ಲರೂ ಇಷ್ಟಿಷ್ಟು ಹಾಕೋದು, ಸರದಿಯಂತೆ ಒಬ್ಬೊಬ್ಬರು ಮೊತ್ತ ಎತ್ತೋದು. ನಮ್ಮ ಚೀಟಿ ವ್ಯವಹಾರವೇ ಅದು, ಹೆಸರು ಬೇರೆ ಅಷ್ಟೆ.

ಎರಡನೆಯದು ಕೈಕೆಲಸ. ಯೀಸ್ಟ್ ಹಾಕಿದ ಹಿಟ್ಟು ಎರಡು ಸಲ ಉಬ್ಬಬೇಕು, ಸುಮಾರು 180ರಿಂದ 190 ಡಿಗ್ರಿ ಬಿಸಿಯ ಎಣ್ಣೆಯಲ್ಲಿ ಕರಿಯಬೇಕು. ಎಣ್ಣೆ ತಣ್ಣಗಿದ್ದರೆ ಡೋನಟ್ ಎಣ್ಣೆ ಕುಡಿಯುತ್ತದೆ, ಅತಿ ಬಿಸಿಯಾದರೆ ಹೊರಗೆ ಸೀದು ಒಳಗೆ ಹಸಿ ಉಳಿಯುತ್ತದೆ. ಬೇಕಿಂಗ್ ಪೌಡರ್ ಹಾಕಿದ 'ಕೇಕ್ ಡೋನಟ್'ಗೆ ಕಾಯೋ ಕೆಲಸ ಕಡಿಮೆ, ಆದರೆ ಅದು ಗಟ್ಟಿ. ಯಾವುದೇ ಆದರೂ ಮಾಡಿದ ದಿನವೇ ಖರ್ಚಾಗಬೇಕು. ಮಾರನೇ ದಿನಕ್ಕೆ ರುಚಿ ಹೋಯಿತು. ಹೀಗಾಗಿ ದೂರದ ಫ್ಯಾಕ್ಟರಿಯಲ್ಲಿ ಮಾಡಿ ಲಾರಿಯಲ್ಲಿ ಕಳಿಸುವ ಮಾಲಿಗಿಂತ, ರಾತ್ರಿ ಎದ್ದು ಅಂಗಡಿಯ ಹಿಂದೆಯೇ ಮಾಡಿದ್ದು ಗೆಲ್ಲುತ್ತದೆ.

ಮೂರನೆಯದು ಪೈಸೆ ಪೈಸೆಯ ಲೆಕ್ಕ. ಕ್ಯಾಲಿಫೋರ್ನಿಯಾದ ಡೋನಟ್ ಅಂದರೆ ಗುಲಾಬಿ ಬಣ್ಣದ ರಟ್ಟಿನ ಡಬ್ಬ. ಅದು ಯಾವ ಡಿಸೈನರ್ ತಲೆಯಿಂದ ಬಂದಿದ್ದೂ ಅಲ್ಲ. ಬಿಳಿ ಡಬ್ಬಕ್ಕಿಂತ ಗುಲಾಬಿ ರಟ್ಟು ಕೆಲವು ಸೆಂಟ್ ಅಗ್ಗಕ್ಕೆ ಸಿಗುತ್ತಿತ್ತು. ಕೆಂಪು ಮಂಗಳಕರ ಅಂತ ನಂಬುವ ಜನಕ್ಕೆ ಅದರ ಹತ್ತಿರದ ಬಣ್ಣ ಒಪ್ಪಿಗೆಯೂ ಆಯಿತು ಅಂತ ಹೇಳುತ್ತಾರೆ. ದುಡ್ಡು ಉಳಿಸೋಕೆ ತಂದ ಡಬ್ಬವೇ ಗುರುತಾಗಿ, ಈಗ ಸಿನಿಮಾಗಳಲ್ಲೂ ಡೋನಟ್ ಅಂದರೆ ಗುಲಾಬಿ ಡಬ್ಬವನ್ನೇ ತೋರಿಸುತ್ತಾರೆ.

ಹನ್ನೆರಡು ಹನ್ನೆರಡು ಕೊಂಡ ಗಿರಾಕಿಗಳು

ನಾಲ್ಕನೆಯ ಬಲ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಕ್ಯಾಲಿಫೋರ್ನಿಯಾದ ಸೀಲ್ ಬೀಚ್ ಎಂಬ ಸಣ್ಣ ಪಟ್ಟಣದಲ್ಲಿ ಕಾಂಬೋಡಿಯಾದಿಂದ ಬಂದ ದಂಪತಿ ಸುಮಾರು 30 ವರ್ಷದಿಂದ ಡೋನಟ್ ಅಂಗಡಿ ನಡೆಸುತ್ತಿದ್ದರು. ಬೆಳಗಿನ ಜಾವ ನಾಲ್ಕೂವರೆಗೇ ಬಾಗಿಲು ತೆರೆಯುತ್ತಿತ್ತು. 2018ರಲ್ಲಿ ಪತ್ನಿ ಮಿದುಳಿನ ರಕ್ತನಾಳದ ತೊಂದರೆಯಿಂದ ಆಸ್ಪತ್ರೆ ಸೇರಿದರು. ಕೌಂಟರ್‌ನಲ್ಲಿ ಅವರು ಕಾಣದೇ ಇದ್ದಾಗ ಗಿರಾಕಿಗಳು ವಿಚಾರಿಸಿದರು, ವಿಷಯ ಗೊತ್ತಾಯಿತು.

ಜನ ದುಡ್ಡು ಕೂಡಿಸಿ ಕೊಡೋಕೆ ಮುಂದಾದರು. ಗಂಡ ಬೇಡ ಅಂದರು. ದುಡ್ಡಲ್ಲ, ಹೆಂಡತಿ ಜೊತೆ ಇರೋಕೆ ಹೊತ್ತು ಬೇಕು ಅನ್ನೋದಷ್ಟೇ ಅವರ ಮಾತು. ಅಂಗಡಿ ಮುಚ್ಚೋಕೂ ಆಗಲ್ಲ, ಮಾಡಿದ ಮಾಲು ಮಾರಿ ಮುಗಿಸದೆ ಹೊರಡೋಕೂ ಆಗಲ್ಲ. ಆಗ ಊರಿನ ಜನ ಒಂದು ಉಪಾಯ ಮಾಡಿದರು. ಒಂದೆರಡು ಕೊಳ್ಳುವ ಬದಲು ಒಬ್ಬೊಬ್ಬರು ಡಜನ್‌ಗಟ್ಟಲೆ ಕೊಂಡರು. ಮಾಲೆಲ್ಲ ಬೆಳಗ್ಗೆಯೇ ಖಾಲಿ. ಬಾಗಿಲು ಹಾಕಿ ಅವರು ನೇರ ಹೆಂಡತಿ ಹತ್ತಿರ. ದಿನವೂ ಹೀಗೇ ನಡೆಯಿತು. ಈ ಸುದ್ದಿ ದೇಶ ವಿದೇಶದ ಪತ್ರಿಕೆಗಳಲ್ಲಿ ಬಂತು.

ಯಾವ ಆ್ಯಪ್‌ನ ರಿಯಾಯಿತಿಯೂ ಇಂಥ ಗಿರಾಕಿಯನ್ನು ತಂದುಕೊಡೋದಿಲ್ಲ. ಮೂವತ್ತು ವರ್ಷ ದಿನಾ ಮುಖ ನೋಡಿ, ಹೆಸರು ಹಿಡಿದು ಮಾತಾಡಿಸಿದ್ದರ ಫಲ ಅದು.

ನಮ್ಮ ಕಡೆಯ ಅಂಗಡಿಯವರು ಗಮನಿಸಬೇಕಾದ್ದು

ಭಾರತಕ್ಕೆ ಡೋನಟ್ ಸರಪಳಿ ಅಂಗಡಿಗಳು ಬಂದು ಹೆಚ್ಚು ವರ್ಷವಾಗಿಲ್ಲ. ಡಂಕಿನ್ 2012ರಲ್ಲಿ ದೆಹಲಿಯಲ್ಲಿ ಶುರುವಾಯಿತು. ಕ್ರಿಸ್ಪಿ ಕ್ರೀಮ್ ದೇಶದಲ್ಲೇ ಮೊದಲ ಅಂಗಡಿ ತೆರೆದಿದ್ದು 2013ರಲ್ಲಿ ನಮ್ಮ ಬೆಂಗಳೂರಿನಲ್ಲಿ. ಅಲ್ಲಿಂದ ತಿಂಡಿ ತಾಲೂಕು ಬೇಕರಿಗಳಿಗೂ ಇಳಿದಿದೆ. ಮಾಡಿ ಮಾರುವವರಿಗೆ ಕೆಲವು ವಿಷಯ ಗೊತ್ತಿದ್ದರೆ ಒಳ್ಳೇದು.

• ಕರಿದ ಎಣ್ಣೆ: ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ 'ಪೋಲಾರ್' ಅಂಶಗಳು ಹೆಚ್ಚುತ್ತವೆ. ಇದು ಶೇ. 25 ದಾಟಿದ ಎಣ್ಣೆಯನ್ನು ಬಳಸುವಂತಿಲ್ಲ ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಎಣ್ಣೆ ಕಪ್ಪಾದರೆ, ಹೊಗೆ ಬೇಗ ಬಂದರೆ, ನೊರೆ ಕಟ್ಟಿದರೆ ಬದಲಾಯಿಸೋದೇ ಸರಿ.

• ವನಸ್ಪತಿ: ಎಣ್ಣೆ, ಕೊಬ್ಬು ಮತ್ತು ಅವುಗಳಿಂದ ಮಾಡಿದ ಆಹಾರದಲ್ಲಿ ಟ್ರಾನ್ಸ್ ಫ್ಯಾಟ್ ಶೇ. 2 ಮೀರಬಾರದು ಎಂಬ ಮಿತಿ 2022ರಿಂದ ಇದೆ. ಡಾಲ್ಡಾ, ಮಾರ್ಗರಿನ್ ತರುವಾಗ ಪ್ಯಾಕೆಟ್ ಮೇಲಿನ ವಿವರ ಓದಿ.

• ಮೊಟ್ಟೆ: ಡೋನಟ್ ಹಿಟ್ಟಿಗೆ ಮೊಟ್ಟೆ ಹಾಕುವವರಿದ್ದಾರೆ, ಹಾಕದೆಯೂ ಮಾಡಬಹುದು. ಮೊಟ್ಟೆ ಇದ್ದರೆ ಪ್ಯಾಕೆಟ್ ಮೇಲೆ ಹಸಿರು ಗುರುತು ಹಾಕುವಂತಿಲ್ಲ. ಕೇಳಿದ ಗಿರಾಕಿಗೆ ಇದ್ದದ್ದು ಇದ್ದಂತೆ ಹೇಳೋದು ವ್ಯಾಪಾರಕ್ಕೂ ಒಳ್ಳೆಯದು.

• ಜಿಎಸ್‌ಟಿ: ಡೋನಟ್ ಮಾರಿದರೆ ಅದು ಬೇಕರಿ ಸರಕೋ, ಹೋಟೆಲ್ ಸೇವೆಯೋ? ಸರಕಾದರೆ ಶೇ. 18, ಹೋಟೆಲ್ ಸೇವೆಯಾದರೆ ಶೇ. 5 ತೆರಿಗೆ ಇದ್ದ ಕಾಲದ ಈ ಪ್ರಶ್ನೆ 2025ರಲ್ಲಿ ಬಾಂಬೆ ಹೈಕೋರ್ಟ್ ಮೆಟ್ಟಿಲೇರಿತು. ಡೋನಟ್ ಮಾರುವ ಒಂದು ಕಂಪನಿಗೆ ಕೋಟಿಗಟ್ಟಲೆ ರೂಪಾಯಿ ತೆರಿಗೆ ನೋಟಿಸ್ ಬಂದಿತ್ತು. 2025ರ ಸೆಪ್ಟೆಂಬರ್ 22ರಿಂದ ಕೇಕ್, ಪೇಸ್ಟ್ರಿ, ಬಿಸ್ಕತ್ತಿನ ಮೇಲಿನ ತೆರಿಗೆಯನ್ನೂ ಶೇ. 5ಕ್ಕೆ ಇಳಿಸಲಾಗಿದೆ. ಆದರೂ ಸರಕು ಅಂತ ಬಿಲ್ ಹಾಕಿದರೆ ಹುಟ್ಟುವಳಿ ತೆರಿಗೆ ವಾಪಸಾತಿ ಸಿಗುತ್ತದೆ, ಶೇ. 5ರ ಹೋಟೆಲ್ ಸೇವೆ ಅಂದರೆ ಸಿಗೋದಿಲ್ಲ. ನಾಲ್ಕು ಕುರ್ಚಿ ಹಾಕಿ ಅಲ್ಲೇ ತಿನ್ನೋಕೂ ಕೊಡುವ ಬೇಕರಿಯವರು ತಮ್ಮ ತೆರಿಗೆ ಸಲಹೆಗಾರರ ಹತ್ತಿರ ಇದನ್ನು ಒಮ್ಮೆ ಕೇಳಿ ಸ್ಪಷ್ಟ ಮಾಡಿಕೊಳ್ಳೋದು ವಾಸಿ.

ಇನ್ನು ತಿನ್ನುವವರಿಗೆ ಒಂದು ಮಾತು. ಮೈದಾ, ಸಕ್ಕರೆ, ಎಣ್ಣೆ ಮೂರೂ ಸೇರಿದ ತಿಂಡಿ ಇದು, ದಿನನಿತ್ಯದ ಉಪಾಹಾರ ಅಲ್ಲ. ಅಪರೂಪಕ್ಕೆ ತಿಂದರೆ ಚೆಂದ. ತಿನ್ನೋದೇ ಆದರೆ ಊರಿನ ಬೇಕರಿಯಲ್ಲಿ, ಅವತ್ತೇ ಮಾಡಿದ್ದನ್ನು ಕೇಳಿ ತಗೊಳ್ಳಿ. ಗಲ್ಲಾದ ಹಿಂದೆ ಕೂತವರು ಯಾವತ್ತಾದರೂ ಕಾಣದಿದ್ದರೆ, ಎಲ್ಲಿ ಅಂತ ಒಂದು ಮಾತು ವಿಚಾರಿಸಿ.